ಓರೆ ಏರಿನಲ್ಲಿ ಜಿಪ್ಸಿಗೆ ಪೆಟ್ರೋಲ್ ಸಿಗುತ್ತಿಲ್ಲ: ಸ್ಪರ್ಧೆಗೆ ಬೇಕಾದ ಇಂಧನ ವ್ಯವಸ್ಥೆಯನ್ನು ಹೇಗೆ ಕಟ್ಟುವುದು?

ಮೂಡಿಗೆರೆ ಜಿಪ್ಸಿ:

ಎಲ್ಲರಿಗೂ ನಮಸ್ಕಾರ. ನನ್ನದು 2008ರ ಮಾರುತಿ ಜಿಪ್ಸಿ, 1298 ಸಿಸಿಯ ಹದಿನಾರು ವಾಲ್ವಿನ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಇಂಜಿನ್. ಇಂಜಿನ್ನಿನ ಒಳಗೆ ಇದುವರೆಗೆ ಕೈ ಹಾಕಿಲ್ಲ. ಸಸ್ಪೆನ್ಷನ್, ರೋಲ್ ಕೇಜ್ ಮತ್ತು ಡಿಫರೆನ್ಷಿಯಲ್ ಲಾಕಿನ ಕೆಲಸ ಮುಗಿದಿದ್ದು, ಬರುವ ಹಂಗಾಮಿನ ಆಫ್‌ರೋಡ್ ಸ್ಪರ್ಧೆಗಳಿಗೆ ಗಾಡಿಯನ್ನು ಸಿದ್ಧಗೊಳಿಸುತ್ತಿದ್ದೇನೆ.

ಅಭ್ಯಾಸ ಮಾಡುವುದು ಕೊಟ್ಟಿಗೆಹಾರದ ಕಡೆ ಇರುವ ಸ್ನೇಹಿತರ ಕಾಫಿ ತೋಟದಲ್ಲಿ. ಅಲ್ಲಿ ಒಂದು ಏರನ್ನು ನೇರವಾಗಿ ಹತ್ತಿದ ಮೇಲೆ, ಸಿಲ್ವರ್ ಓಕ್ ಸಾಲಿನ ಪಕ್ಕ ಗಾಡಿ ಎಡಕ್ಕೆ ವಾಲಿಕೊಂಡೇ ಮೂವತ್ತು ನಲವತ್ತು ಮೀಟರ್ ಸಾಗಬೇಕು. ಟ್ಯಾಂಕ್ ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ತೊಂದರೆಯಿಲ್ಲ. ಕಾಲು ಭಾಗಕ್ಕೆ ಇಳಿದಿದ್ದರೆ ಪ್ರತಿಸಲವೂ ಅದೇ ಓಕ್ ಮರಗಳ ಬುಡದಲ್ಲಿ ಇಂಜಿನ್ ಎರಡು ಸಲ ಮಿಸ್ ಹೊಡೆದು, ಮುಕ್ಕರಿಸಿ, ನಿಂತುಬಿಡುತ್ತದೆ. ಹಿಂದಕ್ಕೆ ಬಿಟ್ಟು ಮಟ್ಟಸ ಜಾಗಕ್ಕೆ ತಂದರೆ ಕೂಡಲೇ ಸ್ಟಾರ್ಟ್ ಆಗುತ್ತದೆ.

ನನ್ನ ಯೋಜನೆ ಹೀಗಿದೆ. ಮೂಲ ಟ್ಯಾಂಕನ್ನು ತೆಗೆದು ಸೀಟುಗಳ ಹಿಂದೆ 30 ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್ ಕೂರಿಸುವುದು, ಪಕ್ಕದಲ್ಲಿ ಒಂದೂವರೆ ಲೀಟರಿನ ಸರ್ಜ್ ಟ್ಯಾಂಕ್ (ಗಾಡಿ ವಾಲಿದಾಗಲೂ ಪಂಪಿಗೆ ಪೆಟ್ರೋಲ್ ಸಿಗುವಂತೆ ಕೂಡಿಡುವ ಸಣ್ಣ ಡಬ್ಬಿ) ಇಡುವುದು, ಗಂಟೆಗೆ 255 ಲೀಟರ್ ಎತ್ತುವ ಪಂಪು ಹಾಕುವುದು. ಅಂಗಡಿಯವರು ಪಂಪು ಇನ್ನೂ ದೊಡ್ಡದಿದ್ದರೆ ಒಳ್ಳೆಯದೆನ್ನುತ್ತಾರೆ. ಒಂದೂವರೆ ಲೀಟರ್ ಸಾಕಾಗುವುದೇ, ಪೈಪು ಯಾವ ಅಳತೆಯದಿರಬೇಕು, ಇಂಜಿನ್ನಿನಿಂದ ಮರಳುವ ಪೆಟ್ರೋಲನ್ನು ಎಲ್ಲಿಗೆ ಬಿಡಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಟಿಗ್ ವೆಲ್ಡರ್, ಹಾಸನ:

ನೀವು ಲಕ್ಷಣಗಳನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ಆದರೂ ಹಣ ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಇಂಜೆಕ್ಟರ್ ರೈಲಿಗೆ, ಅಂದರೆ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ, ಹೋಗುವ ಪೈಪಿನಲ್ಲಿ ಟೀ (ಮೂರು ಬಾಯಿಯ ಜೋಡಣೆ) ಜೋಡಿಸಿ ಪ್ರೆಷರ್ ಗೇಜ್ ಕೂರಿಸಿ, ಅದರ ಮುಂದೆ ಮೊಬೈಲ್ ಕ್ಯಾಮೆರಾ ಕಟ್ಟಿ, ಅದೇ ಓರೆಯಲ್ಲಿ ಓಡಿಸಿ. ಇಂಜಿನ್ ಮಿಸ್ ಹೊಡೆಯುವ ಮೊದಲೇ ಮುಳ್ಳು ಇಳಿದರೆ ಪೆಟ್ರೋಲ್ ಸಿಗುತ್ತಿಲ್ಲ ಎಂದರ್ಥ. ಒತ್ತಡ ಕದಲದೆ ನಿಂತಿದ್ದು ಇಂಜಿನ್ ಮಾತ್ರ ಆರಿದರೆ ದೋಷ ವೈರಿಂಗಿನಲ್ಲೋ ಸೆನ್ಸರಿನಲ್ಲೋ ಇರುತ್ತದೆ, ಆಗ ಎಷ್ಟು ದೊಡ್ಡ ಟ್ಯಾಂಕ್ ಕಟ್ಟಿದರೂ ಪ್ರಯೋಜನವಿಲ್ಲ.

ಇನ್ನು ಪಂಪಿನ ವಿಷಯ. ನಿಮ್ಮ ಇಂಜಿನ್ನಿನ ಶಕ್ತಿ ಸುಮಾರು 80 ಅಶ್ವಶಕ್ತಿ. ಟರ್ಬೋ ಇಲ್ಲದ ಪೆಟ್ರೋಲ್ ಇಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಸುಮಾರು 0.5 ಪೌಂಡ್, ಅಂದರೆ 225 ಗ್ರಾಂ ಆಸುಪಾಸು ಇಂಧನ ಕುಡಿಯುತ್ತದೆಂದು ಲೆಕ್ಕ ಹಿಡಿಯುವುದು ರೂಢಿ. ಹಾಗೆ ನೋಡಿದರೆ 80 ಅಶ್ವಶಕ್ತಿಗೆ ಗಂಟೆಗೆ 18 ಕಿಲೋ, ಲೀಟರಿನಲ್ಲಿ ಸುಮಾರು 24. ಈಗ ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಇನ್ನೂ ಶೇ. 8ರಷ್ಟು ಸೇರಿಸಿದರೆ 26 ಲೀಟರ್. ಗಂಟೆಗೆ 26 ಲೀಟರ್ ಕುಡಿಯುವ ಇಂಜಿನ್ನಿಗೆ 255 ಲೀಟರಿನ ಪಂಪು ಹಾಕಿದರೆ, ಅದು ಎತ್ತಿದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸುಮ್ಮನೆ ಸುತ್ತು ಹೊಡೆದು ವಾಪಸ್ ಬರುತ್ತದೆ. ಪಂಪು ನುಂಗುವ ವಿದ್ಯುತ್ತೆಲ್ಲ ಕೊನೆಗೆ ಪೆಟ್ರೋಲಿನಲ್ಲಿ ಶಾಖವಾಗಿ ಸೇರುತ್ತದೆ. ಬಿಸಿ ಪೆಟ್ರೋಲ್ ಪಂಪಿನ ಬಾಯಲ್ಲೇ ಆವಿಯಾಗತೊಡಗಿದರೆ, ನೀವು ಪರಿಹರಿಸಲು ಹೊರಟ ಕಾಯಿಲೆಯನ್ನೇ ಬೇರೆ ದಾರಿಯಿಂದ ಕರೆತಂದಂತಾಗುತ್ತದೆ. ನಿಮ್ಮ ಇಂಜಿನ್ನಿಗೆ 3 ಬಾರ್ ಒತ್ತಡದಲ್ಲಿ ಗಂಟೆಗೆ 80ರಿಂದ 120 ಲೀಟರ್ ಕೊಡುವ ಪಂಪು ಧಾರಾಳವಾಗಿ ಸಾಕು. ಅಂಗಡಿಯವರ ಮಾತಿಗಿಂತ ಈ ಗುಣಾಕಾರವನ್ನು ನಂಬಿ.

ನಿಮ್ಮ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯದು. ಮರಳುವ ಪೈಪನ್ನು ದೊಡ್ಡ ಟ್ಯಾಂಕಿಗೆ ಬಿಟ್ಟರೆ, ಓರೆಯಲ್ಲಿ ನಿಂತಾಗ ಸರ್ಜ್ ಟ್ಯಾಂಕ್ ಬರಿದಾಗುವುದು ಇಂಜಿನ್ ಕುಡಿಯುವ ವೇಗದಲ್ಲಲ್ಲ, ಪಂಪು ಎತ್ತುವ ವೇಗದಲ್ಲಿ. 255 ಲೀಟರಿನ ಪಂಪು ಒಂದೂವರೆ ಲೀಟರನ್ನು 21 ಸೆಕೆಂಡಿನಲ್ಲಿ ಖಾಲಿ ಮಾಡುತ್ತದೆ. ಅದೇ ಪೈಪನ್ನು ಸರ್ಜ್ ಟ್ಯಾಂಕಿಗೇ ಬಿಟ್ಟರೆ, ಹೊರಗೆ ಹೋಗುವುದು ಇಂಜಿನ್ ಸುಡುವಷ್ಟು ಮಾತ್ರ, ಅಂದರೆ ಸೆಕೆಂಡಿಗೆ ಸುಮಾರು 7 ಮಿಲಿಲೀಟರ್. ಆಗ ಅದೇ ಒಂದೂವರೆ ಲೀಟರ್ ಮೂರು ನಿಮಿಷಕ್ಕೂ ಹೆಚ್ಚು ಬರುತ್ತದೆ. ನಮ್ಮ ತೋಟದ ದಾರಿಗಳಲ್ಲಿ ಯಾವ ಓರೆಯೂ ಮೂರು ನಿಮಿಷ ಪೂರ್ತಿ ಥ್ರಾಟಲ್ ಕೇಳುವುದಿಲ್ಲ. ಹಾಗಾಗಿ ಮೂರು ಲೀಟರಿನ ಸರ್ಜ್ ಟ್ಯಾಂಕಿಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಸರ್ಜ್ ಟ್ಯಾಂಕ್ ಅಗಲಕ್ಕಿಂತ ಎತ್ತರ ಹೆಚ್ಚಿರುವ ಉರುಟಾದ ಡಬ್ಬಿಯಾಗಿರಲಿ. ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಒತ್ತಡದ ಪಂಪಿಗೆ ಹೋಗುವ ತೂತು ತಳದಲ್ಲಿ, ಪಂಪು ಅದಕ್ಕಿಂತಲೂ ಕೆಳಗೆ ಇರಬೇಕು, ಏಕೆಂದರೆ ಈ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಬಡಕಲು. ದೊಡ್ಡ ಟ್ಯಾಂಕಿನಿಂದ ತುಂಬಿಸುವ ಕಡಿಮೆ ಒತ್ತಡದ ಲಿಫ್ಟ್ ಪಂಪಿನ ಪೈಪು ಮತ್ತು ಇಂಜಿನ್ನಿನಿಂದ ಮರಳುವ ಪೈಪು ಮೇಲ್ಭಾಗದ ಪಕ್ಕೆಯಲ್ಲಿ ಸೇರಲಿ. ಎಲ್ಲಕ್ಕಿಂತ ನೆತ್ತಿಯ ಮೇಲೆ ಹೆಚ್ಚುವರಿ ಹರಿದುಹೋಗುವ ಪೈಪು ಇದ್ದು, ಅದು ದೊಡ್ಡ ಟ್ಯಾಂಕಿನ ಮೇಲ್ಭಾಗಕ್ಕೆ ಮರಳಬೇಕು. ಓರೆಯಲ್ಲಿ ಲಿಫ್ಟ್ ಪಂಪು ಗಾಳಿ ಹೀರಿ ತಂದರೂ, ಆ ಗಾಳಿ ನೆತ್ತಿಯಿಂದಲೇ ಹೊರಟುಹೋಗುತ್ತದೆ, ತಳದಲ್ಲಿ ಪೆಟ್ರೋಲ್ ನಿಂತೇ ಇರುತ್ತದೆ. ಈ ನೆತ್ತಿಯ ಪೈಪು ತುಂಬಿಸುವ ಪೈಪಿಗಿಂತ ಸಣ್ಣದಿರಬಾರದು. ಅಳತೆಗೆ ಎಎನ್-6 (ಪೈಪಿನ ಅಳತೆಯ ಸಂಖ್ಯೆ), ಅಂದರೆ 3/8 ಇಂಚು, ಎಲ್ಲ ಕಡೆಗೂ ಸಾಕು. ನೆತ್ತಿಯದಕ್ಕೆ ಮಾತ್ರ ಎಎನ್-8 ಹಾಕಿದರೆ ಇನ್ನೂ ಒಳ್ಳೆಯದು.

ಇಷ್ಟಾದ ಮೇಲೆ ಮೂಲ ಟ್ಯಾಂಕನ್ನು ತೆಗೆಯಲೇಬೇಕೇ ಎಂದು ಯೋಚಿಸಿ. ಟ್ಯಾಂಕ್ ಮಾಡಿಕೊಟ್ಟರೆ ನನಗೆ ಕೂಲಿ ಸಿಗುತ್ತದೆ. ಆದರೂ ಈ ಹಂಗಾಮಿಗೆ ಹಳೆಯದನ್ನೇ ಉಳಿಸಿಕೊಂಡು, ಅದರ ಕೆಳಗೆ ಕಲ್ಲಿನ ಹೊಡೆತ ತಡೆಯುವ ಸ್ಕಿಡ್ ಪ್ಲೇಟ್ ಹಾಕಿ, ಸರ್ಜ್ ಟ್ಯಾಂಕ್ ಒಂದನ್ನೇ ಸೇರಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಟ್ಯಾಂಕಿನೊಳಗೆ ಈಗಿರುವ ಪಂಪೇ ಲಿಫ್ಟ್ ಪಂಪಾಗಿ ದುಡಿಯುತ್ತದೆ. ಒಂದು ವೇಳೆ ಹಳೆಯ ಟ್ಯಾಂಕಿಗೇ ಹೊಸ ಪೈಪಿನ ಬಾಯಿ ಬೆಸೆಯಬೇಕೆಂದಾದರೆ, ತೊಳೆದಿದ್ದೇನೆಂದು ಹೇಳಿ ಯಾವ ವೆಲ್ಡರಿಗೂ ಕೊಡಬೇಡಿ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯ. ನಟ್ಟು ಮತ್ತು ಸೀಲು ಹಾಕಿ ಬಿಗಿಯುವ ಬಲ್ಕ್‌ಹೆಡ್ ಫಿಟ್ಟಿಂಗ್ ಬಳಸಿ, ತೂತನ್ನೂ ಪಂಪಿನ ಮುಚ್ಚಳವನ್ನು ಬಿಚ್ಚಿ ಹೊರತೆಗೆದು ಅದರಲ್ಲೇ ಕೊರೆಯಿರಿ.

ಮೂಡಿಗೆರೆ ಜಿಪ್ಸಿ:

ಇಷ್ಟು ವಿವರವಾದ ಉತ್ತರಕ್ಕೆ ತುಂಬಾ ಧನ್ಯವಾದಗಳು. ಭಾನುವಾರ ಗೇಜ್ ಕಟ್ಟಿ ಓಡಿಸಿದೆ. ನೇರ ಏರಿನಲ್ಲಿ ಮುಳ್ಳು 3 ಬಾರ್ ಹತ್ತಿರ ಅಲುಗಾಡದೆ ನಿಂತಿತ್ತು. ಗಾಡಿ ಎಡಕ್ಕೆ ವಾಲಿದ ಐದಾರು ಸೆಕೆಂಡಿಗೆ ನಡುಗಲು ಶುರುವಾಗಿ, ಒಂದು ಸಲ 2ಕ್ಕೆ ಇಳಿದು, ಮತ್ತೆ ಏರಿ, ಆಮೇಲೆ 1ರ ಕೆಳಗೆ ಕುಸಿಯಿತು. ವೀಡಿಯೊದಲ್ಲಿ ಇಂಜಿನ್ ಮಿಸ್ ಹೊಡೆದ ಸದ್ದು ಕೇಳಿಸುವುದು ಎರಡನೆಯ ಕುಸಿತದ ನಂತರವೇ. ಆದ್ದರಿಂದ ಪಂಪಿನ ಬಾಯಿಂದ ಪೆಟ್ರೋಲ್ ದೂರ ಸರಿಯುತ್ತಿದೆ ಎಂಬುದು ಖಚಿತವಾಯಿತು. ನಿಮ್ಮ ಸಲಹೆಯಂತೆ ಮೂಲ ಟ್ಯಾಂಕನ್ನೇ ಉಳಿಸಿಕೊಳ್ಳುತ್ತೇನೆ. ಪೈಪು ಮತ್ತು ಫಿಲ್ಟರಿನ ಆಯ್ಕೆಯ ಬಗ್ಗೆ ಇನ್ನಷ್ಟು ತಿಳಿಯುವ ಆಸೆಯಿದೆ.

ಬೇಲೂರು ಮೆಕ್ಯಾನಿಕ್:

ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಸಾಮಗ್ರಿಯ ವಿಚಾರವಾಗಿ ಕೆಲವು ಮಾತು ಸೇರಿಸುತ್ತೇನೆ.

2008ರ ಗಾಡಿಯ ರಬ್ಬರ್ ಪೈಪುಗಳನ್ನು ಈಗಿನ ಎಥನಾಲ್ ಮಿಶ್ರಣವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಒಣಗಿದ ಮೇಲೆ ಅದೇ ರಬ್ಬರ್ ಬಿರುಕು ಬಿಡುತ್ತದೆ. ಒಳಗೆ ಟೆಫ್ಲಾನ್, ಹೊರಗೆ ಸ್ಟೀಲ್ ಹೆಣಿಗೆಯಿರುವ ಪೈಪಿಗೆ ಈ ಕಾಟವಿಲ್ಲ. ರಬ್ಬರ್ ಪೈಪನ್ನೇ ಹಾಕುವುದಾದರೆ ಇಂಧನ ಪೈಪುಗಳ ಎಸ್‌ಎಇ ಜೆ30 ಮಾನದಂಡದ ಆರ್9 ದರ್ಜೆಯದಿರಲಿ. ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲಿ ಮುಳುಗಿರುವ ತುಂಡಿಗೆ ಮಾತ್ರ ಆರ್10 ದರ್ಜೆಯದೇ ಬೇಕು, ಏಕೆಂದರೆ ಆರ್9 ಪೈಪಿನ ಹೊರಮೈ ಮುಳುಗಿರಲು ತಯಾರಾದದ್ದಲ್ಲ. ಫಿಲ್ಟರ್ ಎರಡು ಬೇಕು. ಪಂಪಿನ ಮುಂಚೆ 100 ಮೈಕ್ರಾನಿನ ಸ್ಟೀಲ್ ಜಾಲರಿ, ಪಂಪಿನ ನಂತರ 10 ಮೈಕ್ರಾನಿನದು. ಸೂಕ್ಷ್ಮ ಫಿಲ್ಟರನ್ನು ಪಂಪಿನ ಮುಂಚೆ ಹಾಕಿ ಪಂಪನ್ನು ಉಸಿರುಗಟ್ಟಿಸಿದ ಗಾಡಿಗಳನ್ನು ನಾನು ಹಲವು ಸಲ ಬಿಚ್ಚಿದ್ದೇನೆ.

ಮಲೆನಾಡಿನಲ್ಲಿ ಇನ್ನೊಂದು ತೊಂದರೆಯಿದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆಷಾಢದ ಮಳೆಯಲ್ಲಿ ಅರ್ಧ ಖಾಲಿ ಟ್ಯಾಂಕಿನೊಂದಿಗೆ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ನೀರು ಮಿತಿಮೀರಿದರೆ, ಎಥನಾಲ್ ಮತ್ತು ನೀರು ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪು ಮೊದಲು ಹೀರುವುದು ಆ ತಳದ ಪದರವನ್ನೇ. ಆದ್ದರಿಂದ ಗಾಡಿ ನಿಲ್ಲಿಸುವ ಮೊದಲು ಟ್ಯಾಂಕನ್ನು ತುಂಬಿಸಿ, ಇಲ್ಲವೇ ಸರ್ಜ್ ಟ್ಯಾಂಕ್ ಸಮೇತ ಪೂರ್ತಿ ಬಸಿಯಿರಿ.

ಟ್ಯಾಂಕಿನೊಳಗೆ ಗಾಳಿಯಾಡಿಸುವ ವೆಂಟ್ ಪೈಪನ್ನು ಮರೆಯಬೇಡಿ. ಮಳೆಗಾಲವೆಲ್ಲ ಶೆಡ್ಡಿನಲ್ಲಿದ್ದ ನನ್ನದೇ ಜೀಪು ಒಮ್ಮೆ ಹತ್ತು ನಿಮಿಷ ಓಡಿ ನಿಲ್ಲುತ್ತಿತ್ತು. ಟ್ಯಾಂಕಿನ ಮುಚ್ಚಳ ತೆಗೆದಾಗ ಬುಸ್ಸೆಂದು ಗಾಳಿ ಒಳಕ್ಕೆ ನುಗ್ಗುತ್ತಿತ್ತು. ಎರಡು ದಿನ ಪಂಪನ್ನೇ ಅನುಮಾನಿಸಿದ ಮೇಲೆ ವೆಂಟ್ ಪೈಪಿನ ಬಾಯಿ ನೋಡಿದರೆ, ಕಣಜದ ಹುಳು ಕೆಮ್ಮಣ್ಣಿನಿಂದ ಗೂಡು ಕಟ್ಟಿ, ಬೆರಳಿನಿಂದ ಒರೆಸಿದಷ್ಟು ನುಣ್ಣಗೆ ಮುಚ್ಚಿಬಿಟ್ಟಿತ್ತು. ಅಂದಿನಿಂದ ವೆಂಟಿನ ತುದಿಗೆ ಸಣ್ಣ ಹಿತ್ತಾಳೆ ಜಾಲರಿ ಹಾಕುತ್ತೇನೆ.

ಸಕಲೇಶಪುರ ಸ್ಪರ್ಧಿ:

ಟ್ಯಾಂಕಿನ ವಿಷಯದಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಬಂಡೆಗಳ ಮೇಲೆ ಇಳಿಯುವ ಸ್ಪರ್ಧೆಗಳಲ್ಲಿ ಅಡಿಯಲ್ಲಿರುವ ಮೂಲ ಟ್ಯಾಂಕಿಗೆ ಪೆಟ್ಟು ಬೀಳುವುದು ಖಂಡಿತ. ಸ್ಕಿಡ್ ಪ್ಲೇಟ್ ತಡೆಯುವುದು ಕೆಲವು ಹೊಡೆತಗಳನ್ನು ಮಾತ್ರ. ಮುಂದೆ ಒಂದು ದಿನ ಟ್ಯಾಂಕನ್ನು ಮೇಲಕ್ಕೆ ತರುವುದಾದರೆ ಅಲ್ಯೂಮಿನಿಯಂ ಪೆಟ್ಟಿಗೆಯ ಬದಲು ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ) ಎಫ್‌ಟಿ3 ದರ್ಜೆಯ ರಬ್ಬರ್ ಚೀಲದ ಟ್ಯಾಂಕಿಗೆ ಹೋಗಿ. ಡಿಕ್ಕಿಯಾದಾಗ ಅದು ಹರಿಯದೆ ಬಾಗುತ್ತದೆ. ಅದರ ಆಯುಸ್ಸು ತಯಾರಾದ ದಿನದಿಂದ ಐದು ವರ್ಷ, ತಯಾರಕರು ಪರೀಕ್ಷಿಸಿ ದೃಢೀಕರಿಸಿದರೆ ಮತ್ತೆರಡು ವರ್ಷ. ಹಳೆಯದು ಅಗ್ಗಕ್ಕೆ ಸಿಕ್ಕಿತೆಂದು ತೆಗೆದುಕೊಳ್ಳುವ ಮುನ್ನ ಮೇಲಿರುವ ತಾರೀಖು ಓದಿ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ಎಫ್‌ಐಎ ನಿಯಮಗಳು ಕೇಳುವ ಇಂಧನ ಪೈಪು ಕನಿಷ್ಠ 70 ಬಾರ್‌ವರೆಗೆ ಸಿಡಿಯದೆ, 135 ಡಿಗ್ರಿ ಶಾಖವನ್ನು ತಡೆದುಕೊಳ್ಳುವಂಥದ್ದು. ಪೈಪು ಕ್ಯಾಬಿನ್ನಿನ ಒಳಗಿಂದ ಹಾದುಹೋಗುವುದಾದರೆ ಮುಂದಿನ ಮತ್ತು ಹಿಂದಿನ ತಡೆಗೋಡೆಗಳಲ್ಲಿ ಮಾತ್ರ ಜೋಡಣೆಯಿರಬೇಕು, ನಡುವೆ ಒಂದೂ ಇರಬಾರದು. ನಿಮ್ಮ ಸರ್ಜ್ ಟ್ಯಾಂಕ್ ಸೀಟಿನ ಹಿಂದೆ ಬರುತ್ತದಾದರೆ, ನಿಮ್ಮ ಮತ್ತು ಅದರ ನಡುವೆ ದ್ರವವೂ ಬೆಂಕಿಯೂ ದಾಟದ ಲೋಹದ ಗೋಡೆ ಬೇಕೇ ಬೇಕು. ಒಂದೂವರೆ ಲೀಟರೇ ಅಲ್ಲವೇ ಎಂದು ಯೋಚಿಸಬೇಡಿ. ಒಂದು ಲೋಟ ಪೆಟ್ರೋಲ್ ಹೊತ್ತಿಕೊಂಡರೂ ಹಾರ್ನೆಸ್ (ಸ್ಪರ್ಧೆಯ ಸೀಟ್ ಬೆಲ್ಟ್) ಬಿಚ್ಚುವಷ್ಟು ಸಮಯ ಸಿಗುವುದಿಲ್ಲ.

ವೆಂಟಿನಲ್ಲಿ ಗಾಡಿ ಮಗುಚಿದಾಗ ತಾನಾಗಿ ಮುಚ್ಚಿಕೊಳ್ಳುವ ರೋಲ್‌ಓವರ್ ವಾಲ್ವ್ ಹಾಕಿ. ಇಂಜಿನ್ ನಿಂತ ಕೂಡಲೇ ಎರಡೂ ಪಂಪು ನಿಲ್ಲುವಂತೆ ರಿಲೇ ಜೋಡಿಸಿ, ಜೊತೆಗೆ ಡಿಕ್ಕಿಯಾದಾಗ ಕಡಿಯುವ ಇನರ್ಷಿಯಾ ಸ್ವಿಚ್ ಇರಲಿ. ಪಂಪಿಗೆ ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ ಮೂಲಕ ನೇರವಾಗಿ ದಪ್ಪ ತಂತಿ ಎಳೆಯಿರಿ. ಹಳೆಯ ವೈರಿಂಗಿನಲ್ಲಿ ಎರಡು ವೋಲ್ಟ್ ಸೋರಿದರೂ ಪಂಪಿನ ಹರಿವು ಗಣನೀಯವಾಗಿ ಕುಗ್ಗುತ್ತದೆ. ಇನ್ನೊಂದು ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿನ್ಯಾಸವನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಹೀಗೆ ಕಟ್ಟಿದ ಗಾಡಿಯನ್ನು ಸ್ಪರ್ಧೆಯ ಜಾಗಕ್ಕೆ ಲಾರಿಯ ಮೇಲೆ ಒಯ್ಯುವುದೇ ಕ್ಷೇಮ.

ಟಿಗ್ ವೆಲ್ಡರ್, ಹಾಸನ:

ಚೀಲದ ಟ್ಯಾಂಕಿನ ಬಗ್ಗೆ ಅವರು ಹೇಳಿದ್ದು ಸರಿ. ಬಂಡೆಯ ಸ್ಪರ್ಧೆಗೆ ಇಳಿಯುವುದಾದರೆ ನನ್ನ ಅಭಿಪ್ರಾಯವನ್ನು ಬದಲಿಸಿಕೊಳ್ಳುತ್ತೇನೆ. ಸರ್ಜ್ ಟ್ಯಾಂಕ್ ಬೆಸೆದ ಮೇಲೆ ಸೋರಿಕೆ ನೋಡಲು ಗ್ಯಾರೇಜಿನ ಕಂಪ್ರೆಸರ್ ಗಾಳಿಯನ್ನು ನೇರವಾಗಿ ಬಿಡಬೇಡಿ. ರೆಗ್ಯುಲೇಟರ್ ಇಟ್ಟು 0.2 ಬಾರ್‌ಗೆ ನಿಲ್ಲಿಸಿ ಸೋಪಿನ ನೀರು ಹಚ್ಚಿ. ಸೂಜಿಮೊನೆಯಷ್ಟು ತೂತಿದ್ದರೂ ಗುಳ್ಳೆ ಏಳುತ್ತದೆ.

ಮೂಡಿಗೆರೆ ಜಿಪ್ಸಿ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಒಂದೂವರೆ ಲೀಟರಿನ ಸರ್ಜ್ ಟ್ಯಾಂಕ್, ಗಂಟೆಗೆ 110 ಲೀಟರಿನ ಪಂಪು, ಮರಳುವ ಪೈಪು ಸರ್ಜ್ ಟ್ಯಾಂಕಿಗೆ, ನೆತ್ತಿಯ ಪೈಪು ಎಎನ್-8, ಸೀಟಿನ ಹಿಂದೆ ಅಲ್ಯೂಮಿನಿಯಂ ಗೋಡೆ. ಸೋಪಿನ ನೀರಿನಲ್ಲಿ ಒಂದು ಬೆಸುಗೆ ಗುಳ್ಳೆ ಎಬ್ಬಿಸಿದ್ದರಿಂದ ಅದನ್ನು ಮತ್ತೆ ಮಾಡಿಸಬೇಕಾಯಿತು.

ನಿನ್ನೆ ಟ್ಯಾಂಕಿನಲ್ಲಿ ಬೇಕೆಂದೇ ಎಂಟು ಲೀಟರ್ ಮಾತ್ರ ಉಳಿಸಿಕೊಂಡು ಅದೇ ಓರೆಯಲ್ಲಿ ಆರು ಸಲ ಹತ್ತಿಸಿದೆ. ಕೊನೆಯ ಸಲ ಓಕ್ ಮರಗಳ ಪಕ್ಕ ಗಾಡಿಯನ್ನು ವಾಲಿಸಿಕೊಂಡೇ ನಿಲ್ಲಿಸಿ, ಒಂದು ನಿಮಿಷ ಇಂಜಿನ್ ಓಡಿಸಿದೆ. ಮೂಲ ಪಂಪು ಗಾಳಿ ಹೀರುವ ಗೊರಗೊರ ಸದ್ದು ಹಿಂದಿನಿಂದ ಸ್ಪಷ್ಟವಾಗಿ ಕೇಳುತ್ತಿತ್ತು, ಆದರೆ ಗೇಜಿನ ಮುಳ್ಳು 3 ಬಾರ್ ಬಿಟ್ಟು ಕದಲಲಿಲ್ಲ. ಆ ಪಂಪಿಗೆ ಪದೇ ಪದೇ ಗಾಳಿ ಹೀರುವುದರಿಂದ ಸವೆತ ಹೆಚ್ಚುವುದಾದ್ದರಿಂದ, ಟ್ಯಾಂಕಿನೊಳಗೆ ಹೀರುವ ಬಾಯನ್ನು ಎಡ ಮೂಲೆಗೆ ಸರಿಸಲು ಸಾಧ್ಯವೇ ಎಂದು ಮುಂದಿನ ವಾರ ಮುಚ್ಚಳ ಬಿಚ್ಚಿ ನೋಡುತ್ತೇನೆ. ವೆಂಟಿಗೆ ಹಿತ್ತಾಳೆ ಜಾಲರಿಯನ್ನೂ ಹಾಕಿದ್ದೇನೆ.