ಟೆನ್ಸರ್ ಬರದಿದ್ರೂ ಕಪ್ಪು ಕುಳಿ ಬಗ್ಗೆ ಓದಬಹುದೇನ್ರಿ?

ಪ್ರಶ್ನೆ:
ವಿಜಯಪುರದಾಗ ಬಿಎಸ್ಸಿ ಕಡೀ ವರ್ಷ, ಫಿಸಿಕ್ಸ್-ಮ್ಯಾಥ್ಸ್. ನಮ್ಮ ಸಿಲೆಬಸ್‌ನ್ಯಾಗ ಸಾಪೇಕ್ಷತೆ ಅಂದ್ರ ಲೊರೆಂಟ್ಸ್ ರೂಪಾಂತರ (ಚಲಿಸೋ ಇಬ್ಬರು ಅಳೆಯೂ ದೂರ-ಕಾಲ ಜೋಡಿಸೂ ಸೂತ್ರ), ಅಲ್ಲಿಗೆ ಮುಗೀತು. ನನಗ ಕಪ್ಪು ಕುಳಿ ತನಕ ಹೋಗಬೇಕಂತ ಭಾಳ ಆಸೆ. ಎಲ್ಲಾರೂ ‘ಮೊದಲ ಟೆನ್ಸರ್ (ಬಾಗಿದ ಸ್ಪೇಸ್‌ಟೈಮ್‌ಗೆ ಬಳಸೂ ಗಣಿತ) ಕಲಿ’ ಅಂತಾರ. ಎಲ್ಲಿಂದ ಹಿಡೀಲಿ?

ಉತ್ತರ 1:
ಟೆನ್ಸರ್ ಆಮ್ಯಾಲ ನೋಡೂಣು. ಮೊದಲ ಸ್ಪೇಸ್‌ಟೈಮ್ ಚಿತ್ರ (ದೂರ-ಕಾಲದ ನಕ್ಷೆ) ಬರದು ಕೈ ಪಳಗಿಸ್ರಿ. ನಂತರ ಶ್ವಾರ್ಝ್‌ಶಿಲ್ಡ್ 1916ರಾಗ ಪ್ರಕಟಿಸಿದ ಮೆಟ್ರಿಕ್ (ದುಂಡನೆ ದ್ರವ್ಯರಾಶಿ ಸುತ್ತ ದೂರ-ಕಾಲ ಅಳೆಯೂ ಸೂತ್ರ) ತಗೊಂಡು, ಅದು ಹೆಂಗ ಬಂತು ಅಂತ ಕೇಳದ, ಲೆಕ್ಕಕ್ಕ ಕೂಡ್ರಿ. ಗ್ರಹದ ಕಕ್ಷೆಗೆ ನೀವು ಮೆಕ್ಯಾನಿಕ್ಸ್‌ನ್ಯಾಗ ಮಾಡಿದ ಎಫೆಕ್ಟಿವ್ ಪೊಟೆನ್ಶಿಯಲ್ಲೇ (ಗುರುತ್ವ ಮತ್ತ ಸುತ್ತೂ ಚಲನೆ ಕೂಡಿದ ಶಕ್ತಿಯ ಲೆಕ್ಕ) ಬರ್ತದ. ಒಂದ ಪದ ಹೆಚ್ಚಿಗಿ, ದೂರದ ಘನದ ವಿಲೋಮ. ಆ ಪದದಿಂದನ ಬುಧನ ಕಕ್ಷೆ ನ್ಯೂಟನ್ ಲೆಕ್ಕಕ್ಕಿಂತ ಶತಮಾನಕ್ಕ 43 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಾಗ ಒಂದು ಪಾಲು ಅಂದ್ರ ಒಂದು ಆರ್ಕ್‌ಸೆಕೆಂಡ್) ಹೆಚ್ಚು ಹೊರಳ್ತದ. ಈ 43 ನಿಮ್ಮ ಹಾಳಿ ಮ್ಯಾಲ ಇಳದಾಗ ಆಗೂ ಸಂತೋಷ ಯಾವ ವಿಡಿಯೋದಾಗೂ ಇಲ್ಲ. ಸೂರ್ಯನಷ್ಟು ದ್ರವ್ಯರಾಶಿಗೆ ಘಟನಾ ದಿಗಂತದ (ಬೆಳಕೂ ಹೊರಗ ಬರಲಾರದ ಗಡಿ) ತ್ರಿಜ್ಯ ಸುಮಾರು 3 ಕಿ.ಮೀ., ಅದನ್ನೂ ತಗೀರಿ.

ಉತ್ತರ 2:
ನಮ್ಮ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಅವರನ್ನ ಮರೀಬ್ಯಾಡ್ರಿ. ಅಲುಗಿಸಿದ ಕಪ್ಪು ಕುಳಿ ತನ್ನದ ಸ್ವರದಾಗ ಕಂಪಿಸಿ ಲಗೂನ ಶಾಂತ ಆಗ್ತದ ಅಂತ 1970ರಾಗ ತೋರಿಸಿದ್ರು. ಗೋಲಗುಮ್ಮಟದಾಗ ಚಪ್ಪಾಳಿ ಹೊಡದ್ರ ಸಪ್ಪಳ ಕರಗತದಲ್ಲ, ಹಂಗ; ಇಲ್ಲಿ ಮಾತ್ರ ಗುರುತ್ವದ ಅಲೆ. 2015ರ ಸೆಪ್ಟೆಂಬರ್ 14ಕ್ಕ ಗುರುತ್ವದ ಅಲೆ ಹಿಡಿಯೂ ಲೈಗೋ ಯಂತ್ರ ಹಿಡದ ಅಲೆಯ ಬಾಲದಾಗ ಅದ ಕಂಪನ ಅದ.

ಉತ್ತರ 3:
ಕಾಸ್ಮಾಲಜಿ (ಇಡೀ ವಿಶ್ವದ ವಿಜ್ಞಾನ) ಬೇಕಂದ್ರ ನ್ಯೂಟನ್ನನ ಶಕ್ತಿ ಸಂರಕ್ಷಣೆಯಿಂದನ ವಿಶ್ವ ಹೆಂಗ ಹಿಗ್ಗತದ ಅಂತ ಹೇಳೂ ಫ್ರೀಡ್‌ಮನ್ ಸಮೀಕರಣದ ರೂಪ ಬರ್ತದ. ಒತ್ತಡ ಲೆಕ್ಕಕ್ಕ ಬಂದಾಗ ಮಾತ್ರ ಐನ್‌ಸ್ಟೈನ್ ಬೇಕ ಬೇಕು.

ಪ್ರಶ್ನೆ ಕೇಳಿದವರು:
ಬುಧನಿಂದನ ಶುರು ಮಾಡ್ತೀನ್ರಿ. ಅಡ್ಡಾದ್ರ ಇಲ್ಲೇ ಕೇಳ್ತೀನಿ.