ಏಳು ವರ್ಷದ ಮಗನಿಗೆ ಶರ್ಟಿನ ಗುಂಡಿ ಹಾಕಲು ಬರುತ್ತಿಲ್ಲ. ಕಾಯಬೇಕಾ, ಯಾರಿಗಾದರೂ ತೋರಿಸಬೇಕಾ?

ಪುಟ್ಟನ ಅಮ್ಮ, ತುಮಕೂರು

ಮಗನಿಗೆ ಏಳು ವರ್ಷ ನಾಲ್ಕು ತಿಂಗಳು, ಎರಡನೇ ಕ್ಲಾಸು. ಇವತ್ತು ಬೆಳಿಗ್ಗೆ ನಡೆದದ್ದನ್ನು ಹಾಗೇ ಬರೆಯುತ್ತೇನೆ.

ಎಂಟು ಗಂಟೆಗೆ ವ್ಯಾನ್ ಬರುತ್ತದೆ. ಏಳೂವರೆಗೇ ಯೂನಿಫಾರ್ಮ್ ತೊಟ್ಟು ಕನ್ನಡಿ ಮುಂದೆ ನಿಂತ. ಇವತ್ತು ನಾನೇ ಹಾಕಿಕೊಳ್ಳುತ್ತೇನೆ ಎಂದ. ಬಲಗೈಯಲ್ಲಿ ಗುಂಡಿ ಹಿಡಿದ, ಆದರೆ ಬೆರಳ ತುದಿಯಲ್ಲಲ್ಲ, ಹೆಬ್ಬೆರಳಿಗೂ ಮಡಿಸಿದ ತೋರುಬೆರಳಿಗೂ ಮಧ್ಯೆ. ಎಡಗೈ ಕಾಜದ ಕಡೆ ಗಟ್ಟಿಯಾಗಿ ಹಿಡಿದು ನಿಲ್ಲಬೇಕಲ್ವಾ? ಅದು ಗುಂಡಿಯ ಜೊತೆಗೇ ಸರಿದು ಹೋಗುತ್ತದೆ. ಗುಂಡಿ ಅರ್ಧ ತೂರುತ್ತದೆ, ಜಾರುತ್ತದೆ. ಮತ್ತೆ ತೂರುತ್ತದೆ, ಮತ್ತೆ ಜಾರುತ್ತದೆ. ನಾಲಿಗೆ ತುದಿ ಹೊರಗೆ, ಹಣೆ ಮೇಲೆ ಬೆವರು. ಇಪ್ಪತ್ತು ನಿಮಿಷದಲ್ಲಿ ಎರಡು ಗುಂಡಿ, ಅವೂ ತಪ್ಪು ಕಾಜದಲ್ಲಿ. ಅಷ್ಟರಲ್ಲಿ ವ್ಯಾನಿನ ಹಾರ್ನ್. ನಾನು ಎಲ್ಲ ಬಿಚ್ಚಿ ಮತ್ತೆ ಹಾಕಿದೆ. "ಅಮ್ಮಾ, ನನ್ನ ಕೈ ನನ್ನ ಮಾತೇ ಕೇಳಲ್ಲ" ಎಂದ. ಇಡೀ ದಿನ ಕೆಲಸದಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ.

ಗುಂಡಿ ಒಂದೇ ಅಲ್ಲ. ಸಾರನ್ನ ಕಲಸಿ ತುತ್ತು ಮಾಡಲು ಬರುವುದಿಲ್ಲ, ಅರ್ಧ ತಟ್ಟೆಯಿಂದ ಆಚೆ. ಸೈಕಲ್ಲಿಗೆ ಇನ್ನೂ ಪಕ್ಕದ ಚಕ್ರ ಬೇಕು. ಚೆಂಡು ಎಸೆದರೆ ಕಣ್ಣು ಮುಚ್ಚಿ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿಯುತ್ತಾನೆ. ಬರೆಯುವಾಗ ಪೆನ್ಸಿಲ್ ಎಷ್ಟು ಒತ್ತುತ್ತಾನೆ ಎಂದರೆ ಹಿಂದಿನ ಹಾಳೆಯ ಮೇಲೆ ಅಕ್ಷರ ಬೆರಳಿಗೆ ಸಿಗುತ್ತದೆ. ನಾಲ್ಕು ಸಾಲಿಗೆ ಕೈ ನೋವು. ಒತ್ತಕ್ಷರ ಕೆಳಗಿನ ಸಾಲಿಗೆ ಇಳಿದಿರುತ್ತದೆ. ಆದರೆ ಓದುತ್ತಾನೆ, ಬಾಯಿಲೆಕ್ಕ ಬೇಗ ಮಾಡುತ್ತಾನೆ, ಕಥೆ ಹೇಳಲು ಕೂತರೆ ನಿಲ್ಲಿಸುವುದೇ ಇಲ್ಲ. ಶಾಲೆಯ ಡೈರಿಯಲ್ಲಿ ಮೂರು ಸಲ "ಸೋಮಾರಿ, ಗಮನವಿಲ್ಲ" ಎಂದು ಬರೆದಿದ್ದಾರೆ. ಅವನು ಸೋಮಾರಿ ಅಲ್ಲ. ಬೆವರು ನೋಡಿದವಳು ನಾನು.

34 ವಾರಕ್ಕೇ ಹುಟ್ಟಿದ. ಅಂಬೆಗಾಲು ಇಡಲೇ ಇಲ್ಲ, ಕೂತಲ್ಲೇ ತೆವಳುತ್ತಿದ್ದ. ನಡೆದದ್ದು 15 ತಿಂಗಳಿಗೆ. ಅಂಬೆಗಾಲು ಇಡದ ಮಕ್ಕಳಿಗೆ ಹೀಗೆಲ್ಲ ಆಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನಮ್ಮ ಅತ್ತೆ, "ಇವರಪ್ಪನೂ ಹೀಗೇ ಇದ್ದ, ದೊಡ್ಡವನಾದ ಮೇಲೆ ಸರಿಹೋದ, ಸುಮ್ನಿರು" ಎನ್ನುತ್ತಾರೆ. ಸುಮ್ಮನಿರಲು ಆಗುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಇಬ್ಬರು ಮಕ್ಕಳ ಅಪ್ಪ, ಹುಬ್ಬಳ್ಳಿ

ಅಕ್ಕಾವರೇ, ಮೊದಲು ಕಣ್ಣು ತೋರಿಸಿ. ನನ್ನ ಮಗಳೂ ಚೆಂಡು ಬಿಡುತ್ತಿದ್ದಳು, ಮೆಟ್ಟಿಲು ಎಡವುತ್ತಿದ್ದಳು. ನಾವು ಒಂದು ವರ್ಷ ಬೈದದ್ದೇ ಬೈದದ್ದು. ಆಮೇಲೆ ನೋಡಿದರೆ ಎಡಗಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಕನ್ನಡಕ ಬಂದ ಮೇಲೆ ಮೆಟ್ಟಿಲ ಮೇಲೆ ಎಡವುವುದು ನಿಂತಿತು. ನಿಮ್ಮ ಹುಡುಗನದು ಬೇರೆ ಇರಬಹುದು, ಆದರೂ ಅದೊಂದು ಅನುಮಾನ ಉಳಿಯುವುದು ಬೇಡ.

ಓಟಿ, ಮೈಸೂರು

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಚಿಕ್ಕದಾಗಿ ಓಟಿ. ಉಡುವುದು, ಉಣ್ಣುವುದು, ಬರೆಯುವುದು ಇಂಥ ದಿನದ ಕೆಲಸ ಕಷ್ಟವಾದವರಿಗೆ ಅದನ್ನು ಕಲಿಸುವುದು ನಮ್ಮ ಕೆಲಸ, ನನ್ನದು ಮಕ್ಕಳ ಜೊತೆಗೇ. "ನನ್ನ ಕೈ ನನ್ನ ಮಾತು ಕೇಳಲ್ಲ" ಎನ್ನುವುದನ್ನು ಬೇರೆ ಮಕ್ಕಳ ಬಾಯಲ್ಲೂ ಕೇಳಿದ್ದೇನೆ. ಅದು ನೆಪ ಅಲ್ಲ, ನಿಜವಾದ ವರ್ಣನೆ. ಏನು ಮಾಡಬೇಕು ಎಂದು ಅವನಿಗೆ ಗೊತ್ತಿದೆ. ಹೇಗೆ ಮಾಡಬೇಕು ಎನ್ನುವುದು ಕೈಗೆ ಕೂತಿಲ್ಲ.

ಅಂಬೆಗಾಲಿನ ಚಿಂತೆಯನ್ನು ಇವತ್ತೇ ಬಿಟ್ಟುಬಿಡಿ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ವರದಿ ಕೊಟ್ಟಿತು. ಅದರಲ್ಲಿ 100ಕ್ಕೆ ಸುಮಾರು 4 ಮಕ್ಕಳು ಅಂಬೆಗಾಲು ಇಡದೇ ಮುಂದೆ ಹೋಗಿದ್ದರು. ಆಸರೆ ಇಲ್ಲದೆ ನಡೆಯುವುದಕ್ಕೆ ಅಲ್ಲಿ ಸಿಕ್ಕ ವಯಸ್ಸು ಸುಮಾರು 8ರಿಂದ 18 ತಿಂಗಳು. ನಿಮ್ಮವನು 15ಕ್ಕೆ ನಡೆದ, ಅದೂ ಆರು ವಾರ ಮುಂಚೆ ಹುಟ್ಟಿದವನು. ನೀವು ಆಗ ಏನೋ ತಪ್ಪು ಮಾಡಿದ್ದೀರಿ ಎನ್ನುವ ಭಾವನೆ ಇದ್ದರೆ ಅದಕ್ಕೆ ಆಧಾರವೇ ಇಲ್ಲ.

ನೀವು ಬರೆದದ್ದನ್ನೆಲ್ಲ ಒಟ್ಟಿಗೆ ನೋಡಿದರೆ ತೋರಿಸುವುದು ಒಳ್ಳೆಯದು. ಗುಂಡಿ, ತುತ್ತು, ಚೆಂಡು, ಸೈಕಲ್, ಬರವಣಿಗೆ ಎಲ್ಲದರಲ್ಲೂ ವಯಸ್ಸಿಗಿಂತ ಹಿಂದೆ, ಬುದ್ಧಿ ಮತ್ತು ಮಾತು ಚೆನ್ನಾಗಿದೆ, ಅದರಿಂದ ದಿನದ ಕೆಲಸಕ್ಕೇ ತೊಂದರೆ. ಇಂಥ ಮಕ್ಕಳಲ್ಲಿ ಕೆಲವರಿಗೆ ಇರುವುದನ್ನು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಎನ್ನುತ್ತಾರೆ, ಚಿಕ್ಕದಾಗಿ ಡಿಸಿಡಿ. ಶಾಲೆಗೆ ಹೋಗುವ 100 ಮಕ್ಕಳಲ್ಲಿ 5-6 ಮಕ್ಕಳಿಗೆ ಇರುತ್ತದೆ. ಹುಡುಗರಲ್ಲಿ ಜಾಸ್ತಿ, ತಿಂಗಳು ತುಂಬದೆ ಹುಟ್ಟಿದವರಲ್ಲಿ ಜಾಸ್ತಿ. ಸಾಮಾನ್ಯವಾಗಿ ಐದು ವರ್ಷಕ್ಕೆ ಮೊದಲು ಇದಕ್ಕೆ ಹೆಸರು ಕೊಡುವುದಿಲ್ಲ. ನಾನು ನಿಮ್ಮ ಮಗನನ್ನು ನೋಡಿಲ್ಲ, ಹಾಗಾಗಿ ಇದೇ ಎಂದು ಹೇಳುತ್ತಿಲ್ಲ. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ ಬೇರೆ ಕಾರಣ ಇಲ್ಲ ಎಂದ ಮೇಲೆ ಓಟಿ ಹತ್ತಿರ ಹೋಗಿ. ಕಣ್ಣಿನ ವಿಷಯವನ್ನು ಮೇಲಿನವರು ಹೇಳಿದ್ದು ಸರಿ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಕೇಂದ್ರ ಎಲ್ಲಿದೆ ಎಂದು ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆಂದೇ ಮಾಡಿದ ಕೇಂದ್ರ ಅದು.

ಇವತ್ತೇ ಎರಡು ವಿಷಯ ಗಮನಿಸಿ. ನೆಲದ ಮೇಲೆ ಕೂತವನು ಏಳುವಾಗ ಕೈಯನ್ನು ಮೊಣಕಾಲು, ತೊಡೆ ಎಂದು ಒಂದೊಂದೇ ಕಡೆ ಊರಿಕೊಂಡು ಮೇಲೇಳುತ್ತಾನಾ? ಮೊದಲು ಬರುತ್ತಿದ್ದದ್ದು ಯಾವುದಾದರೂ ಈಗ ಬಿಟ್ಟುಹೋಗಿದೆಯಾ? ಇವುಗಳಲ್ಲಿ ಒಂದಿದ್ದರೂ ಈ ವಾರವೇ ಡಾಕ್ಟರ ಹತ್ತಿರ ಹೋಗಿ, ಅದು ಬೇರೆಯೇ ವಿಷಯ.

ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಡಿಸಿಡಿ ಇರುವ ಬಹಳ ಮಕ್ಕಳಿಗೆ ಹೈಸ್ಕೂಲಿನಲ್ಲೂ ತೊಂದರೆ ಉಳಿಯುತ್ತದೆ. ಅಷ್ಟೊತ್ತಿಗೆ "ನನಗೆ ಏನೂ ಬರಲ್ಲ" ಎಂದು ಮಗು ನಂಬಿಬಿಟ್ಟಿರುತ್ತದೆ. ನನಗೆ ಹೆದರಿಕೆ ಅದರದ್ದೇ. ಗುಂಡಿ ಯಾವಾಗ ಬೇಕಾದರೂ ಕಲಿಸಬಹುದು.

ಈಗ ಗುಂಡಿಗೆ ಬರೋಣ. ಬೆಳಿಗ್ಗೆ ಕಲಿಸಬೇಡಿ, ಬೆಳಿಗ್ಗೆ ನೀವೇ ಹಾಕಿ ಕಳಿಸಿ. ಸಂಜೆ ತಿಂಡಿ ಆದ ಮೇಲೆ ಹತ್ತು ನಿಮಿಷ ಸಾಕು. ಅವರಪ್ಪನ ಹಳೇ ಶರ್ಟ್ ಒಂದನ್ನು ತೊಗೊಳ್ಳಿ, ಒಗೆದು ಒಗೆದು ಮೆತ್ತಗಾಗಿರುತ್ತದೆ, ಕಾಜವೂ ಸಡಿಲ. ಹೊಸ ಯೂನಿಫಾರ್ಮಿನ ಕಾಜ ದೊಡ್ಡವರ ಬೆರಳಿಗೇ ಬಿಗಿ. ಶರ್ಟನ್ನು ಮೊದಲು ಅವನ ತೊಡೆ ಮೇಲೆ ಹಾಸಿ, ತೊಡಿಸಬೇಡಿ. ಕೆಳಗಿನ ಗುಂಡಿಯಿಂದ ಶುರು ಮಾಡಿ, ಅದೇ ಕಣ್ಣಿಗೆ ಚೆನ್ನಾಗಿ ಕಾಣುವುದು. ನೀವು ಗುಂಡಿಯನ್ನು ಮುಕ್ಕಾಲು ಪಾಲು ಕಾಜದಲ್ಲಿ ತೂರಿಸಿ ನಿಲ್ಲಿಸಿ. ಅವನು ಆಚೆ ಕಡೆಯಿಂದ ಎಳೆದುಕೊಂಡರೆ ಸಾಕು. ಕೊನೆಯ ಹೆಜ್ಜೆ ಅವನದು, ಮುಗಿಸಿದ ಖುಷಿಯೂ ಅವನದು. ಅದು ಸಲೀಸಾದ ಮೇಲೆ ನೀವು ಅರ್ಧ ಮಾತ್ರ ತೂರಿಸಿ. ಆಮೇಲೆ ಕಾಲು. ಹೀಗೆ ಹಿಂದಿನಿಂದ ಮುಂದಕ್ಕೆ ಬನ್ನಿ.

ಜಾರಿದಾಗ "ಹಾಗಲ್ಲ, ಹೀಗೆ" ಎನ್ನಬೇಡಿ. "ಯಾಕೆ ಜಾರಿತು ಅಂತ ಅನ್ನಿಸುತ್ತೆ?" ಎಂದು ಕೇಳಿ ಸುಮ್ಮನೆ ಕಾಯಿರಿ. ಒಂದು ದಿನ ಅವನೇ "ಈ ಕೈ ಬಿಟ್ಟುಬಿಟ್ಟಿತು" ಎನ್ನುತ್ತಾನೆ. ಹಾಗೆ ಅವನೇ ಕಂಡುಕೊಂಡದ್ದು ಕೈಯಲ್ಲಿ ನಿಲ್ಲುತ್ತದೆ.

ಮಣಿ ಪೋಣಿಸಿ, ಹಿಟ್ಟು ನಾದಿಸಿ, ಎಲ್ಲ ಸರಿಹೋಗುತ್ತದೆ ಎಂದು ನಿಮಗೆ ಬಹಳ ಜನ ಹೇಳುತ್ತಾರೆ. ಅವರೆಕಾಲದಲ್ಲಿ ಅವನನ್ನೂ ಹಿತಕಲು ಕೂರಿಸಿ, ಖಂಡಿತ ಕೂರಿಸಿ. ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಪಟ್ಟನೆ ಹಾರುತ್ತದೆ, ಮಕ್ಕಳಿಗೆ ಅದು ಹಬ್ಬ. ಬೆರಳಿಗೂ ಒಳ್ಳೆಯದು. ಆದರೆ ಕಾಳು ಹಿತಕಿದರೆ ಕಾಳು ಹಿತಕುವುದು ಬರುತ್ತದೆ. ಗುಂಡಿ ಬರಬೇಕಾದರೆ ಗುಂಡಿಯನ್ನೇ ಹಾಕಬೇಕು, ಸೈಕಲ್ ಬರಬೇಕಾದರೆ ಸೈಕಲ್ಲನ್ನೇ ತುಳಿಯಬೇಕು. ಯಾವ ಕೆಲಸ ಬೇಕೋ ಅದನ್ನೇ ತುಂಡು ಮಾಡಿ ಕಲಿಸುವುದೇ ಡಿಸಿಡಿ ಮಕ್ಕಳಿಗೆ ಹೆಚ್ಚು ಉಪಯೋಗ ಎಂದು ಈಗಿನ ಚಿಕಿತ್ಸಾ ಮಾರ್ಗದರ್ಶಿಗಳೂ ಹೇಳುತ್ತವೆ.

ಬರವಣಿಗೆಗೆ: ಪಾದ ನೆಲಕ್ಕೆ ತಾಗುವಂತೆ ಕೂರಿಸಿ. ಕಾಲು ಜೋತಾಡುತ್ತಿದ್ದರೆ ಕೆಳಗೆ ಒಂದು ಮಣೆ ಇಡಿ. ಸ್ವಲ್ಪ ದಿನ ಸ್ಲೇಟು, ಬಳಪ ಕೊಡಿ. ಬಳಪ ಸ್ಲೇಟಿಗೆ ಉಜ್ಜುವುದು ಕೈಗೆ ಗೊತ್ತಾಗುತ್ತದೆ, ಎಷ್ಟು ಒತ್ತುತ್ತಿದ್ದೇನೆ ಎಂದು ತಿಳಿಯುತ್ತದೆ. ನಲಿ-ಕಲಿ ತರಗತಿಗಳಲ್ಲಿ ರ, ಗ, ಸ, ದ, ಅ ಎಂದು ಶುರು ಮಾಡುತ್ತಾರಲ್ಲ, ಆ ಕ್ರಮ ನನಗೆ ತುಂಬಾ ಇಷ್ಟ. ಒಂದು ಅಕ್ಷರದ ಸುತ್ತು ಬಂದರೆ ಮುಂದಿನದು ಅರ್ಧ ಬಂದ ಹಾಗೇ. ಒತ್ತಕ್ಷರಕ್ಕೆ ಸಾಲಿನ ಕೆಳಗೆ ಬಣ್ಣದಲ್ಲಿ ಇನ್ನೊಂದು ಗೆರೆ ಎಳೆದುಕೊಡಿ. ಶಾಲೆಯಲ್ಲಿ ಅರ್ಧ ಬರೆಯಲಿ, ಉಳಿದದ್ದನ್ನು ಬಾಯಲ್ಲಿ ಹೇಳಲಿ ಎಂದು ಕೇಳಿಕೊಳ್ಳಿ. ಓಟಿ ಚೀಟಿ ಬರೆದುಕೊಟ್ಟರೆ ಟೀಚರಿಗೂ ಒಪ್ಪಿಕೊಳ್ಳಲು ಸುಲಭ.

ಪಿ.ಟಿ. ಮೇಷ್ಟ್ರು, ಹಾವೇರಿ ಜಿಲ್ಲೆ

ತಂಗಿ, ಗುಂಡಿಯ ವಿಷಯ ನನಗೆ ಗೊತ್ತಿಲ್ಲ, ಚೆಂಡಿನ ವಿಷಯ ಹೇಳುತ್ತೇನೆ.

ಕಣ್ಣು ಮುಚ್ಚುವುದು ಹೆದರಿಕೆಗೆ. ರಬ್ಬರ್ ಚೆಂಡು, ಟೆನಿಸ್ ಚೆಂಡು ಎರಡನ್ನೂ ಒಳಗಿಡಿ. ಬಲೂನ್ ಊದಿ ಆಡಿ. ಬಲೂನ್ ನಿಧಾನ ಇಳಿಯುತ್ತದೆ, ಮುಖಕ್ಕೆ ಬಿದ್ದರೂ ನೋವಿಲ್ಲ, ಕಣ್ಣು ತಾನಾಗಿ ಅದರ ಹಿಂದೆ ಹೋಗುತ್ತದೆ. ಆಮೇಲೆ ಹಳೇ ಕಾಲುಚೀಲದೊಳಗೆ ಚಿಂದಿ ತುಂಬಿ ಗಂಟು ಹಾಕಿ. ನಾಲ್ಕು ಹೆಜ್ಜೆ ದೂರ ನಿಂತು, ಕೈ ಕೆಳಗಿನಿಂದ, ಅವನ ಹೊಟ್ಟೆಯ ಮಟ್ಟಕ್ಕೆ ಎಸೆಯಿರಿ. ಮೂರನೆಯದಾಗಿ ದೊಡ್ಡ ಚೆಂಡು, ಒಂದು ಪುಟ ಬಿದ್ದು ಬರುವ ಹಾಗೆ. ಸೈಕಲ್ಲಿಗೆ ಪಕ್ಕದ ಚಕ್ರ ಬಿಚ್ಚಿ, ಪೆಡಲ್ಲೂ ಬಿಚ್ಚಿಸಿ, ಸೀಟು ಇಳಿಸಿ. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಕಾಲಲ್ಲಿ ತಳ್ಳಿಕೊಂಡು ಹೋಗಲಿ. ತೂಕ ಹಿಡಿಯುವುದು ಬಂದ ಮೇಲೆ ಪೆಡಲ್ ಹಾಕಿಸಿ.

ತಂಡ ಆರಿಸುವ ಆಟಕ್ಕೆ ಈಗಲೇ ಕಳಿಸಬೇಡಿ. ಕೊನೆಗೆ ಉಳಿಯುವ ಹುಡುಗನ ಮುಖ ನಾನು ದಿನಾ ನೋಡುತ್ತೇನೆ. ಮನೆ ಅಂಗಳದಲ್ಲಿ ನಿಮ್ಮ ಜೊತೆ ಕುಂಟೆಬಿಲ್ಲೆ ಆಡಲಿ. ಒಂದು ಕಾಲಲ್ಲಿ ನಿಂತು ಬಗ್ಗಿ ಬಿಲ್ಲೆ ಎತ್ತುವುದಿದೆಯಲ್ಲ, ಆ ಒಂದು ಗಳಿಗೆಯಲ್ಲಿ ಇಡೀ ಮೈ ಕೆಲಸ ಮಾಡುತ್ತದೆ. ಮೊದಲು ಎರಡೂ ಕಾಲು ಊರಿ ಎತ್ತಿದರೂ ನಡೆಯುತ್ತದೆ ಎಂದು ನಿಯಮ ಸಡಿಲ ಮಾಡಿ.

ಮುಂದಕ್ಕೂ ಒಂದು ಮಾತು ನೆನಪಿಟ್ಟುಕೊಳ್ಳಿ. ಎಂಟನೇ ಕ್ಲಾಸಿನಲ್ಲಿ ನನ್ನ ಹತ್ತಿರ ಒಬ್ಬ ಖೋಖೋ ಹುಡುಗ ಇದ್ದ. ಕಂಬ ಹಿಡಿದು ತಿರುಗಿದರೆ ಗಾಳಿಯ ಹಾಗೆ. ಒಂಬತ್ತಕ್ಕೆ ಬಂದಾಗ ಚಡ್ಡಿ ಗಿಡ್ಡ, ಕಾಲು ಉದ್ದ. ಅದೇ ಕಂಬದ ಹತ್ತಿರ ಹೆಜ್ಜೆ ತಪ್ಪಿ ಜಾರತೊಡಗಿದ. ಹುಡುಗರು ಜೋರಾಗಿ ಬೆಳೆಯುವುದು ಸುಮಾರು 13-14ಕ್ಕೆ, ಹುಡುಗಿಯರು 11-12ಕ್ಕೆ. ಆ ಒಂದು ವರ್ಷದಲ್ಲಿ ಹುಡುಗರು 9-10 ಸೆಂಟಿಮೀಟರ್ ಬೆಳೆಯುವುದುಂಟು, ಅದೂ ಮೊದಲು ಕಾಲು, ಆಮೇಲೆ ಮುಂಡ. ಹಳೇ ಅಳತೆಗೆ ಕಲಿತ ಹೆಜ್ಜೆ ಹೊಸ ಕಾಲಿಗೆ ಹೊಂದುವುದಿಲ್ಲ. ಇದು ನನಗೆ ಗೊತ್ತಿಲ್ಲದ ಕಾಲದಲ್ಲಿ ಇಂಥ ಮಕ್ಕಳನ್ನು "ಕೊಬ್ಬು ಬಂತು" ಎಂದು ಬೈದಿದ್ದೇನೆ. ಅದು ಈಗಲೂ ನೋಯುತ್ತದೆ. ಈ ಹುಡುಗನನ್ನು ತಂಡದಿಂದ ತೆಗೆಯಲಿಲ್ಲ. ಕಂಬದ ಹತ್ತಿರ ಅವನ ಹೆಜ್ಜೆಯನ್ನು ಸುಣ್ಣದಲ್ಲಿ ಹೊಸದಾಗಿ ಗುರುತು ಮಾಡಿಕೊಟ್ಟೆ, ಓಡಬೇಡ, ನಡೆದು ತಿರುಗು ಎಂದೆ. ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ಮತ್ತೆ ಓಡುತ್ತಿದ್ದ. ನಿಮ್ಮವನು ಈಗ ಕಲಿತದ್ದೂ ಆ ವಯಸ್ಸಿನಲ್ಲಿ ಸ್ವಲ್ಪ ದಿನ ಅಲುಗಾಡಿದ ಹಾಗೆ ಕಾಣಬಹುದು. ಆಗ ಗಾಬರಿಯಾಗಬೇಡಿ.

ಪುಟ್ಟನ ಅಮ್ಮ, ತುಮಕೂರು

ಐದು ವಾರದ ನಂತರ ಬರೆಯುತ್ತಿದ್ದೇನೆ. ಕಣ್ಣು ಸರಿ ಇದೆ. ಮಕ್ಕಳ ಡಾಕ್ಟರು ನೆಲದಿಂದ ಎಬ್ಬಿಸಿ, ಒಂಟಿ ಕಾಲಲ್ಲಿ ನಿಲ್ಲಿಸಿ, ಎಲ್ಲ ನೋಡಿ ಓಟಿಗೆ ಬರೆದುಕೊಟ್ಟರು. ಓಟಿ ಎರಡು ದಿನ ಕೂತು ಪರೀಕ್ಷೆ ಮಾಡಿದರು. ಡಿಸಿಡಿ ಎಂದೇ ಹೇಳಿದ್ದಾರೆ. ಹೆಸರು ಕೇಳಿದಾಗ ಅತ್ತೆ ಅತ್ತರು. ಆಮೇಲೆ ನನ್ನ ಗಂಡ, ತನಗೆ ಹೈಸ್ಕೂಲ್ ಮುಗಿಯುವವರೆಗೂ ಶೂ ಲೇಸ್ ಕಟ್ಟಲು ಬರುತ್ತಿರಲಿಲ್ಲ, ಸ್ನೇಹಿತನ ಹತ್ತಿರ ಕಟ್ಟಿಸಿಕೊಳ್ಳುತ್ತಿದ್ದೆ ಎಂದು ಹೇಳಿದರು. ಮದುವೆಯಾಗಿ ಹತ್ತು ವರ್ಷದಲ್ಲಿ ಮೊದಲ ಸಲ ನನಗೆ ಹೇಳಿದ್ದು.

ಈಗ ಸಂಜೆ ಅಪ್ಪ, ಮಗ ಇಬ್ಬರೂ ಹಳೇ ಶರ್ಟ್ ಹಾಸಿಕೊಂಡು ಕೂರುತ್ತಾರೆ. ಹನ್ನೆರಡನೇ ದಿನ "ಈ ಕೈ ಓಡಿಹೋಗುತ್ತೆ ಅಪ್ಪಾ, ಅದನ್ನ ಹಿಡ್ಕೋಬೇಕು" ಎಂದ. ನೀವು ಬರೆದ ಹಾಗೇ! ಈಗ ಯೂನಿಫಾರ್ಮಿನ ಕೆಳಗಿನ ನಾಲ್ಕು ಗುಂಡಿ ಅವನೇ ಹಾಕುತ್ತಾನೆ, ಆರೇಳು ನಿಮಿಷ ಬೇಕು. ಡೈರಿಯಲ್ಲಿ ಆ ಮಾತು ಮತ್ತೆ ಬಂದಿಲ್ಲ. ಬಲೂನ್ ಹಿಡಿಯುತ್ತಾನೆ, ಕಾಲುಚೀಲದ ಚೆಂಡು ಹತ್ತರಲ್ಲಿ ನಾಲ್ಕು.

ಕಾಲರ್ ಹತ್ತಿರದ ಗುಂಡಿ ಮಾತ್ರ ಏನು ಮಾಡಿದರೂ ಆಗುತ್ತಿಲ್ಲ. ಅದಕ್ಕೇನಾದರೂ ಉಪಾಯ ಇದೆಯಾ?

ಓಟಿ, ಮೈಸೂರು

ಓದಿ ಕಣ್ಣು ತುಂಬಿತು. ಅಪ್ಪ ಪಕ್ಕದಲ್ಲಿ ಕೂತಿರುವುದು ನಿಮ್ಮ ಪುಟ್ಟನಿಗೆ ಸಿಕ್ಕ ಭಾಗ್ಯ.

ಕಾಲರ್ ಗುಂಡಿ ಕಣ್ಣಿಗೆ ಕಾಣುವುದಿಲ್ಲ, ಕೈ ಒಂದೇ ಮಾಡಬೇಕು. ಅದಕ್ಕೇ ಎಲ್ಲ ಮಕ್ಕಳಿಗೂ ಅದು ಕೊನೆಗೆ ಬರುವುದು. ಸದ್ಯಕ್ಕೆ ಅದನ್ನೊಂದು ಹಾಕಿ, ಉಳಿದದ್ದನ್ನು ಬಿಚ್ಚಿ, ಟೀ ಶರ್ಟಿನ ಹಾಗೆ ತಲೆ ಮೇಲಿನಿಂದ ತೊಡಿಸಿ. ತಲೆ ತೂರದಿದ್ದರೆ ದರ್ಜಿಯ ಹತ್ತಿರ ಒಳಗೆ ಟಿಚ್ ಬಟನ್ ಹೊಲಿಸಿ, ಮೇಲೆ ಗುಂಡಿ ಇದ್ದ ಹಾಗೇ ಕಾಣುತ್ತದೆ. ಬೇಸಿಗೆ ರಜೆಯಲ್ಲಿ ಕನ್ನಡಿ ಮುಂದೆ ನಿಲ್ಲಿಸಿ ಮತ್ತೆ ಶುರು ಮಾಡೋಣ. ಆಗ ಇಲ್ಲೇ ಬರೆಯಿರಿ.