ಜೇಡದ ಹೆಸರಿನ ಜೊತೆಗೆ 1757 ಎಂಬ ಇಸವಿ ಏಕೆ?

ಪ್ರಶ್ನೆ:
ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಅವರ ‘ಸಿಸ್ಟೆಮಾ ನ್ಯಾಚುರೇ’ಯ ಹತ್ತನೆಯ ಆವೃತ್ತಿಯಿಂದ, ಅಂದರೆ 1758ರಿಂದ, ಆರಂಭವಾಗುತ್ತದೆ ಎಂದು ಓದಿದ್ದೇನೆ. ಆದರೆ ಹೊಟ್ಟೆಯ ಮೇಲ್ಭಾಗದಲ್ಲಿ ಬಿಳಿಯ ಶಿಲುಬೆಯ ಗುರುತಿರುವ ಯುರೋಪಿನ ತೋಟದ ಜೇಡ ಅರೇನಿಯಸ್ ಡಯಡೆಮೇಟಸ್‌ನ ಮುಂದೆ ‘ಕ್ಲರ್ಕ್, 1757’ ಎಂದು ಬರೆಯುತ್ತಾರೆ. ಇದು ಅಚ್ಚಿನ ತಪ್ಪೇ? ಈ ಕ್ಲರ್ಕ್ ಯಾರು? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ:
ಅಚ್ಚಿನ ತಪ್ಪಲ್ಲ. ಕಾರ್ಲ್ ಕ್ಲರ್ಕ್ 1709ರಲ್ಲಿ ಹುಟ್ಟಿದ ಸ್ವೀಡನ್ನಿನವರು. ಉಪ್ಸಲಾ ವಿಶ್ವವಿದ್ಯಾಲಯಕ್ಕೆ ಸೇರಿದರೂ ಅಲ್ಲಿ ಬಹುಕಾಲ ಉಳಿಯಲಿಲ್ಲ. ಸ್ಟಾಕ್‌ಹೋಮ್ ನಗರಾಡಳಿತದಲ್ಲಿ ತೆರಿಗೆಗೆ ಸಂಬಂಧಿಸಿದ ಹುದ್ದೆಯೇ ಅವರ ಜೀವನೋಪಾಯವಾಗಿತ್ತು. 1739ರಲ್ಲಿ ಲಿನೇಯಸ್ ಅವರ ಉಪನ್ಯಾಸವನ್ನು ಕೇಳಿದ ಮೇಲೆ ಅವರಲ್ಲಿ ಪ್ರಕೃತಿ ಅಧ್ಯಯನದ ಆಸಕ್ತಿ ಬೆಳೆಯಿತು. 1757ರಲ್ಲಿ ಪ್ರಕಟವಾದ ಅವರ ‘ಸ್ವೆನ್ಸ್ಕಾ ಸ್ಪಿಂಡ್ಲರ್’ ಗ್ರಂಥ ಸ್ವೀಡಿಷ್ ಮತ್ತು ಲ್ಯಾಟಿನ್ ಎರಡೂ ಭಾಷೆಗಳಲ್ಲಿ ಅರವತ್ತಕ್ಕೂ ಹೆಚ್ಚು ಜೇಡಗಳನ್ನು ಚಿತ್ರಗಳೊಡನೆ ವಿವರಿಸುತ್ತದೆ. ಪ್ರತಿಯೊಂದಕ್ಕೂ ಎರಡು ಪದಗಳ ಹೆಸರನ್ನು ಕೊಟ್ಟ ಕ್ರಮ ಲಿನೇಯಸ್ ಅವರದ್ದೇ ಆದರೂ, ಆ ಕ್ರಮವನ್ನು ಪ್ರಾಣಿಲೋಕಕ್ಕೆಲ್ಲ ಅನ್ವಯಿಸಿದ ಹತ್ತನೆಯ ಆವೃತ್ತಿಗಿಂತ ಈ ಗ್ರಂಥವೇ ಮೊದಲು ಹೊರಬಂದಿತು.

ಮುಂದೆ ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆ 1758ರ ಜನವರಿ 1ನ್ನು ಆರಂಭದ ದಿನವೆಂದು ಗೊತ್ತುಮಾಡಿದಾಗ ಕ್ಲರ್ಕ್ ಅವರ ಗ್ರಂಥ ಗಡಿಯ ಆಚೆ ಉಳಿಯುವ ಸ್ಥಿತಿ ಬಂತು. ಅದಕ್ಕಾಗಿ ವಿಶೇಷ ವಿನಾಯಿತಿಯೊಂದನ್ನು ಕಲ್ಪಿಸಲಾಗಿದೆ: ಎರಡೂ ಗ್ರಂಥಗಳು ಅದೇ ದಿನ ಪ್ರಕಟವಾದವೆಂದು ಭಾವಿಸಬೇಕು, ಆದರೆ ಕ್ಲರ್ಕ್ ಕೊಟ್ಟ ಹೆಸರುಗಳಿಗೆ ಲಿನೇಯಸ್ ಕೊಟ್ಟ ಹೆಸರುಗಳಿಗಿಂತ ಆದ್ಯತೆ ಇರಬೇಕು. ಆದ್ದರಿಂದಲೇ ನೀವು ಹೇಳಿದ ಜೇಡಕ್ಕೆ ಲಿನೇಯಸ್ ಇಟ್ಟ ‘ಅರೇನಿಯಾ ಡಯಡೆಮಾ’ ಎಂಬ ಹೆಸರು ಇಂದು ಕೇವಲ ಪರ್ಯಾಯ ನಾಮವಾಗಿ ಉಳಿದಿದೆ. ಜೇಡತಜ್ಞರು ನಿಜವಾದ ಪ್ರಕಟಣೆಯ ವರ್ಷವನ್ನೇ ನಮೂದಿಸುವುದರಿಂದ 1757 ಕಾಣಿಸುತ್ತದೆ.

ಎರಡನೆಯ ಉತ್ತರ:
ಮೇಲಿನ ವಿವರಣೆ ಸರಿಯಾಗಿದೆ. ಆದರೆ ಕ್ಲರ್ಕ್ ಅವರ ಹಿರಿಮೆಯನ್ನು ಕೇವಲ ಇಸವಿಯ ಮೇಲೆ ಅಳೆಯುವುದು ಅನ್ಯಾಯವೆಂದು ನನ್ನ ಅಭಿಪ್ರಾಯ. ಲಿನೇಯಸ್ ಜೇಡಗಳನ್ನು ರೆಕ್ಕೆಯಿಲ್ಲದ ಕೀಟಗಳ ಗುಂಪಿಗೆ ಸೇರಿಸಿ, ಒಂದೆರಡು ಸಾಲಿನಲ್ಲಿ ವರ್ಣಿಸಿ ಮುಂದೆ ಸಾಗಿದರು. ಇಡೀ ಜೀವಲೋಕವನ್ನೇ ಪಟ್ಟಿ ಮಾಡಲು ಹೊರಟವರಿಗೆ ಬೇರೆ ದಾರಿಯೂ ಇರಲಿಲ್ಲವೆನ್ನಿ. ಕ್ಲರ್ಕ್ ಅವರಾದರೋ ಮೈಬಣ್ಣವನ್ನಷ್ಟೇ ನಂಬದೆ ಕಣ್ಣುಗಳ ಜೋಡಣೆಯನ್ನು ಗಮನಿಸಿದರು. ಬಾಯಿಯ ಇಕ್ಕೆಲಗಳಲ್ಲಿರುವ ಪೆಡಿಪಾಲ್ಪ್ ಎಂಬ ಪುಟ್ಟ ಅಂಗಗಳು ಗಂಡು ಜೇಡಗಳಲ್ಲಿ ಯಾವ ಆಕಾರದಲ್ಲಿರುತ್ತವೆ ಎಂಬುದನ್ನು ಪ್ರತ್ಯೇಕವಾಗಿ ಚಿತ್ರಿಸಿದರು. ಗಂಡು ತನ್ನ ವೀರ್ಯವನ್ನು ಹೆಣ್ಣಿಗೆ ದಾಟಿಸುವುದು ಆ ಅಂಗದ ಮೂಲಕವೇ ಆದ್ದರಿಂದ ಅದರ ರಚನೆ ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿರುತ್ತದೆ, ಮತ್ತು ಇಂದಿಗೂ ಸೂಕ್ಷ್ಮದರ್ಶಕದ ಕೆಳಗೆ ಮೊದಲು ನೋಡುವುದು ಅದನ್ನೇ.

ಬಲೆ ನೇಯುವ ಜೇಡಗಳನ್ನು ಬೇಟೆಯಾಡುವ ಜೇಡಗಳಿಂದಲೂ, ನೆಲದ ಮೇಲಿನವುಗಳನ್ನು ನೀರಿನಲ್ಲಿ ಬಾಳುವ ಜೇಡದಿಂದಲೂ ಬೇರ್ಪಡಿಸಿದ ಅವರ ವಿಂಗಡಣೆಯಲ್ಲಿ ಜೇಡದ ನಡವಳಿಕೆಗೂ ಸ್ಥಾನವಿದೆ. ಒಂದನ್ನೊಂದು ಬಹಳ ಹೋಲುವ ಡಾಲೊಮಿಡೀಸ್ ಫಿಂಬ್ರಿಯೇಟಸ್ ಮತ್ತು ಡಾಲೊಮಿಡೀಸ್ ಪ್ಲಾಂಟೇರಿಯಸ್ ಎಂಬ ಎರಡು ಜೇಡಗಳಿಗೂ ಹೆಸರಿಟ್ಟವರು ಅವರೇ, ಎರಡೂ ಹೆಸರುಗಳು ಈಗಲೂ ಮಾನ್ಯವಾಗಿವೆ. ಅವರ ಕೆಲವು ಹೆಸರುಗಳು ಮುಂದೆ ಬಿದ್ದುಹೋದದ್ದೂ ನಿಜ, ಆದರೆ ಹೆಚ್ಚಿನವು ಉಳಿದಿವೆ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ವಿಷಯ: ನೀರಿನ ಜೇಡ ಆರ್ಗೈರೋನೆಟಾ ಅಕ್ವಾಟಿಕಾದ ಮುಂದೆ ಕ್ಲರ್ಕ್ ಅವರ ಹೆಸರು ಮತ್ತು ಇಸವಿಯನ್ನು ಆವರಣ ಚಿಹ್ನೆಯೊಳಗೆ ಇಟ್ಟಿದ್ದಾರೆ, ತೋಟದ ಜೇಡಕ್ಕೆ ಹಾಗಿಲ್ಲವಲ್ಲ?

ಮೊದಲ ಉತ್ತರ ನೀಡಿದವರು:
ಕ್ಲರ್ಕ್ ಎಲ್ಲ ಜೇಡಗಳನ್ನೂ ಅರೇನಿಯಸ್ ಎಂಬ ಒಂದೇ ಕುಲದಲ್ಲಿ (ಎರಡು ಪದಗಳ ಹೆಸರಿನ ಮೊದಲ ಪದ ಸೂಚಿಸುವ ಗುಂಪಿನಲ್ಲಿ) ಇರಿಸಿದ್ದರು. ತೋಟದ ಜೇಡ ಈಗಲೂ ಅದೇ ಕುಲದಲ್ಲಿದೆ. ನೀರಿನ ಜೇಡವನ್ನು ನಂತರದವರು ಬೇರೆ ಕುಲಕ್ಕೆ ಸೇರಿಸಿದರು. ಹೀಗೆ ಕುಲ ಬದಲಾದಾಗ ಮೂಲ ಲೇಖಕರ ಹೆಸರನ್ನು ಆವರಣದೊಳಗೆ ಇಡುವುದು ನಿಯಮ.